ಶಾಲೆ ಬಿಟ್ಟ ಕಾರಣ

ನಮ್ಮ ಶಾಲೆಯ ಕಬ್ಬಿಣದ ಕಪಾಟಿನಲ್ಲಿ ಉದ್ದನೆಯ ಪುಸ್ತಕವೊಂದಿದೆ. ಶಾಲೆ ಬಿಟ್ಟು ಹೋಗುವ ಮಕ್ಕಳಿಗೆ ದಾಖಲೆ ಬರೆದುಕೊಡುವ ಪುಸ್ತಕವದು. ವಿದ್ಯಾರ್ಥಿಯ ಹೆಸರು, ತಾಯಿಯ ಹೆಸರು, ಜನ್ಮದಿನಾಂಕ, ಅಭ್ಯಾಸದಲ್ಲಿಯ ಪ್ರಗತಿ, ನಡತೆ ಮುಂತಾದ ಕಲಮುಗಳನ್ನು ದಾಟಿ ಕೆಳಗೆ ಬಂದರೆ 'ಶಾಲೆ ಬಿಟ್ಟ ಕಾರಣ' ಎಂಬ ಕಲಮು ಸಿಗುತ್ತದೆ. ಈಗ ಇದೆಲ್ಲವನ್ನೂ ಗಣಕಯಂತ್ರಕ್ಕೆ ತುಂಬಬೇಕಾಗಿದೆಯಾದರೂ ಕೈಬರಹದ ರೂಢಿಯನ್ನು ನಾವು ಬಿಟ್ಟಿಲ್ಲ. 1993ರಲ್ಲಿ ಸೇವೆಗೆ ಸೇರಿದಂದಿನಿಂದ ಆ ಕಲಮಿನಲ್ಲಿ ನಾವು ಬರೆದುದು ಬಹುಮಟ್ಟಿಗೆ ಎರಡೇ ಕಾರಣಗಳನ್ನು: ಒಂದು 'ಶಿಕ್ಷಣ ಪೂರ್ಣ', ಇನ್ನೊಂದು 'ಪಾಲಕರ ಸ್ಥಳಾಂತರ'. ಬರೆಯುವಾಗ ಕೈ ಎಂದೂ ತಡೆದಿರಲಿಲ್ಲ. ಈ ಸಲದ ಏಪ್ರಿಲ್ ತಿಂಗಳ ಕೊನೆಯಲ್ಲಿ ಮಾತ್ರ ಅದೇ ಕಲಮಿನ ಮುಂದೆ ಲೇಖನಿ ಹಿಡಿದು ಅರ್ಧ ದಿನ ಕುಳಿತೆವು. ಗಡಿಯ ಆಚೆಗಿರುವ ವಾಚಕರಲ್ಲಿ ಊರು ಬಿಡಬೇಕೋ ಇರಬೇಕೋ ಎಂದು ರಾತ್ರಿ ನಿದ್ದೆಗೆಟ್ಟವರು ಅನೇಕರಿರಬೇಕು. ಅದರಿಂದ ನಮ್ಮ ಮನೆಯ ಸಂಗತಿಯನ್ನು ಇಲ್ಲಿ ಹೇಳಿಕೊಳ್ಳಲು ಸಂಕೋಚವೆನಿಸುವುದಿಲ್ಲ.

ನಮ್ಮ ಊರು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವದಂಚಿನಲ್ಲಿದೆ. ಊರ ಹೊರಗಿನ ದಿಬ್ಬದ ಮೇಲೆ ನಿಂತರೆ ವಿಜಯಪುರ ಜಿಲ್ಲೆಯ ಹೊಲಗಳು ಕಾಣುತ್ತವೆ. ಎರಡೂ ಕಡೆಯ ಜೋಳ ಒಂದೇ, ಮಾತೂ ಒಂದೇ. ಬಸ್ಸಿನ ಬಣ್ಣ ಮಾತ್ರ ಬೇರೆ. ನಮ್ಮ ತಂದೆಯವರು ಹುಟ್ಟಿದಾಗ ಇದು ಡಫಳೆಯವರ ಜತ್ತ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಯಾಯಿತು, 1960ರಲ್ಲಿ ಮಹಾರಾಷ್ಟ್ರವಾಗಿ ಅದೇ ವರ್ಷ ಜಿಲ್ಲೆಗೆ ಸಾಂಗಲಿಯೆಂಬ ಹೆಸರು ಬಂತು. ತಂದೆಯವರು ಅದೇ ಪಡಸಾಲೆಯ ಅದೇ ಕಂಬಕ್ಕೆ ಒರಗಿ ಕುಳಿತು ಇಷ್ಟೂ ಸ್ಥಳಾಂತರಗಳನ್ನು ಅನುಭವಿಸಿದರು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ನಮ್ಮ ತಾಲೂಕಿನ ಸುಮಾರು 40 ಹಳ್ಳಿಗಳು ಮಾಡಿದ್ದ ಹಳೆಯ ನಿರ್ಣಯದ ಮಾತು 2022ರ ನವೆಂಬರಿನಲ್ಲಿ ಮತ್ತೆ ಎದ್ದು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಗದ್ದಲವಾದುದು ವಾಚಕರಿಗೆ ನೆನಪಿರಬಹುದು. ಮನೆಯ ಒಂದು ಕಲ್ಲನ್ನೂ ಕದಲಿಸದೆ ಊರಿಗೆ ಊರೇ ಬೇರೆ ರಾಜ್ಯಕ್ಕೆ ಹೋಗುವ ವಿಚಾರವದು. ಅಂಥ ಸ್ಥಳಾಂತರ ನಮ್ಮವರಿಗೆ ಅಭ್ಯಾಸವಾಗಿದೆ. ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತುವ ಸ್ಥಳಾಂತರದ ಮಾತೇ ಬೇರೆ.

ಹಾಗೆ ಬಸ್ಸು ಹತ್ತುವವರೂ ನಮ್ಮಲ್ಲಿ ಕಡಿಮೆಯಿಲ್ಲ. ದೀಪಾವಳಿಯ ಸುಮಾರಿಗೆ ಮುಕಾದಮನಿಂದ ಮುಂಗಡ ಹಣ ಹಿಡಿದ ಕುಟುಂಬಗಳು ಕೊಯ್ತಾ ಹೆಗಲಿಗೇರಿಸಿ, ಪಾತ್ರೆ ಪಡಗ, ಕೋಳಿ, ಕೂಸು ಸಹಿತ ಟ್ರ್ಯಾಕ್ಟರು ಹತ್ತಿ ಪಶ್ಚಿಮದ ಸಕ್ಕರೆ ಕಾರಖಾನೆಗಳ ಕಡೆಗೆ ಕಬ್ಬು ಕಡಿಯಲು ಹೋಗುತ್ತವೆ. ಗಂಡ ಹೆಂಡತಿ ಕೂಡಿದರೆ ಒಂದು ಕೊಯ್ತಾ ಎಂದು ಲೆಕ್ಕ. ಮರಳಿ ಬರುವುದು ಶಿವರಾತ್ರಿ ಕಳೆದ ಮೇಲೆ, ಒಮ್ಮೊಮ್ಮೆ ಯುಗಾದಿಗೆ. ಅವರೊಡನೆ ಹೋದ ಮಗು ಐದು ತಿಂಗಳ ಪಾಠ ಕಳೆದುಕೊಳ್ಳುತ್ತದೆ. ಎರಡು ವರ್ಷ ಹಾಗೆ ಹೋದರೆ ಮೂರನೆಯ ವರ್ಷ ಅದರ ಕೈಗೂ ಕೊಯ್ತಾ ಬರುತ್ತದೆ. ಆದುದರಿಂದ ಪ್ರತಿವರ್ಷ ದಸರೆಯಾದೊಡನೆ ನಾವು ಮನೆಮನೆಗೆ ಹೋಗಿ, 'ನೀವು ಹೋಗಿರಿ, ಕೂಸನ್ನು ಮುತ್ತ್ಯಾನ ಹತ್ತಿರ ಬಿಟ್ಟು ಹೋಗಿರಿ, ಅದರ ಜವಾಬ್ದಾರಿ ನಮ್ಮದು' ಎಂದು ಕೈಮುಗಿದು ಹೇಳುತ್ತ ಬಂದಿದ್ದೇವೆ. ಡಿ.ಎಡ್. ತರಬೇತಿಯಲ್ಲಿ ಯಾವ ಪ್ರಾಧ್ಯಾಪಕರೂ ಇದನ್ನು ನಮಗೆ ಕಲಿಸಿರಲಿಲ್ಲ, ಊರು ಕಲಿಸಿತು. ಕೆಲವರು ಬೈದರು, ಕೆಲವರು ಬಿಟ್ಟು ಹೋದರು. ಬಿಟ್ಟು ಹೋದ ಮಕ್ಕಳಲ್ಲಿ ಒಬ್ಬ ಈಗ ಪೋಲೀಸು, ಒಬ್ಬಳು ನರ್ಸು. ಈ ಹೆಮ್ಮೆಯನ್ನು ನಾವು ಸಭೆಗಳಲ್ಲಿ ಹೇಳಿಕೊಂಡದ್ದುಂಟು.

ನಾವು ಸೇರಿದ ವರ್ಷ ಶಾಲೆಯಲ್ಲಿ 118 ಮಕ್ಕಳಿದ್ದರು. ಈಗ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಕೂಡಿ 22. ಮುಖ್ಯಾಧ್ಯಾಪಕರೂ ನಾವೇ, ಎರಡು ತರಗತಿಗಳ ಶಿಕ್ಷಕರೂ ನಾವೇ, ಪತ್ರ ಬರೆಯುವ ಗುಮಾಸ್ತರೂ ನಾವೇ. ಜೊತೆಗಿರುವ ಇನ್ನೊಬ್ಬ ಶಿಕ್ಷಕರು ಕೃಷ್ಣೆಯ ದಂಡೆಯ ಮರಾಠಿ ಹುಡುಗ. ಬಂದಾಗ ಅವರಿಗೆ ಕನ್ನಡ ಮಾತು ಅರ್ಧ ತಿಳಿಯುತ್ತಿತ್ತು, ಅಕ್ಷರ ಒಂದೂ ತಿಳಿಯುತ್ತಿರಲಿಲ್ಲ. ಅದು ಅವರ ತಪ್ಪಲ್ಲ, ಕಳಿಸಿದಲ್ಲಿಗೆ ಬಂದಿದ್ದರು. ಶಾಲೆ ಬಿಟ್ಟ ಮೇಲೆ ದಿನಾಲು ಒಂದು ತಾಸು ನಮ್ಮೆದುರು ಪಾಟಿ ಹಿಡಿದು ಕುಳಿತು ಎಂಟು ತಿಂಗಳಲ್ಲಿ ಮೂರನೆಯ ತರಗತಿಯ ಪುಸ್ತಕವನ್ನು ಓದುವಂತಾದರು. ಒತ್ತಕ್ಷರಗಳಲ್ಲಿ ಮಾತ್ರ ಎಡವುತ್ತಿದ್ದರು. ಮಕ್ಕಳೇ ತಿದ್ದುತ್ತಿದ್ದರು, ಅವರು ನಗುತ್ತಿದ್ದರು. ಇಂಥ ಮನುಷ್ಯ ಸಿಕ್ಕುದು ಶಾಲೆಯ ಪುಣ್ಯ. ಆದರೆ 22 ಎಂಬ ಅಂಕೆ ನಮ್ಮ ತಲೆಯಲ್ಲಿ ಸದಾ ಕೊರೆಯುತ್ತಿತ್ತು. 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಒಂದೆಡೆ ಕೂಡಿಸಿ ಸಮೂಹ ಶಾಲೆ ಮಾಡಬೇಕೆಂಬ ಪ್ರಸ್ತಾವ 2023ರಲ್ಲಿ ಬಂದಂದಿನಿಂದ ನಮ್ಮಂಥ ಸಣ್ಣ ಶಾಲೆಗಳ ಮಾಸ್ತರರೆಲ್ಲ ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಮಕ್ಕಳನ್ನು ಕಣ್ಣಿನಿಂದಲೇ ಎಣಿಸುತ್ತೇವೆ. ಆ 22ರಲ್ಲಿ ಒಬ್ಬ ನಮ್ಮ ಮೊಮ್ಮಗ.

ನಮ್ಮ ಮಗ ಕುಪವಾಡದ ಎಂ.ಐ.ಡಿ.ಸಿ.ಯಲ್ಲಿ ಕೆಲಸಕ್ಕಿದ್ದಾನೆ, ಸೊಸೆಯೂ ಹೊರಗೆ ದುಡಿಯುತ್ತಾಳೆ. ವಾಸ ಮಿರಜದಲ್ಲಿ. ಕೂಸಿಗೆ ಐದು ತುಂಬುತ್ತಲೇ, 'ಇವನನ್ನು ನಮ್ಮಲ್ಲಿ ಬಿಡಿ, ನಾಲ್ಕನೆಯತ್ತೆಯವರೆಗೆ ತಾಯ್ನುಡಿಯಲ್ಲಿ ಕಲಿಯಲಿ, ಅಡಿಪಾಯ ಗಟ್ಟಿಯಾದ ಮೇಲೆ ಯಾವ ಭಾಷೆಯಾದರೂ ಬರುತ್ತದೆ' ಎಂದು ಕರೆತಂದವರು ನಾವೇ. ಸೊಸೆ ಏನೂ ಅನ್ನಲಿಲ್ಲ. ಹುಡುಗ ಈಗ ಮೂರನೆಯತ್ತೆ. ಬಾಲಭಾರತಿಯವರ ಕನ್ನಡ ಪುಸ್ತಕವನ್ನು ಗಂಟೆ ಬಾರಿಸಿದಂತೆ ಓದುತ್ತಾನೆ.

ಎರಡು ವರ್ಷದ ಹಿಂದೆ ನಮ್ಮ ಮನೆಯವರ ಕಾಲು ಬಾತು, ಊಟ ಸೇರದೆ, ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡಗಳ ಶಕ್ತಿ ಕುಂದಿದೆಯೆಂದು ತಿಳಿಯಿತು. ಕಳೆದ ದೀಪಾವಳಿಯಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕಾಗಿದೆ. ಮಿರಜದ ಆಸ್ಪತ್ರೆಯೊಂದರಲ್ಲಿ ನಾಲ್ಕು ತಾಸು ಯಂತ್ರದ ಪಕ್ಕ ಮಲಗುವುದು, ಹೋಗಲು ಅರ್ಧ ದಿನ, ಬರಲು ಅರ್ಧ ದಿನ. ಜತ್ತಕ್ಕೆ ಹೋಗಿ ಅಲ್ಲಿಂದ ಎಸ್.ಟಿ. ಹಿಡಿಯಬೇಕು. ಮರಳುವಾಗ ಅವರು ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಿರುತ್ತಾರೆ. ರಸ್ತೆಯ ಪ್ರತಿ ತಗ್ಗಿಗೂ ಅವರ ಹುಬ್ಬು ಗಂಟಿಕ್ಕುವುದನ್ನು ನೋಡುತ್ತ ನಾವು ಪಕ್ಕದಲ್ಲಿ ಕುಳಿತಿರುತ್ತೇವೆ. ಫೆಬ್ರವರಿಯ ಒಂದು ಸಂಜೆ ಮಗ ಬಸ್‌ನಿಲ್ದಾಣದಲ್ಲಿ ನಿಂತೇ ಹೇಳಿದ: "ಅಪ್ಪಾ, ಇನ್ನ ಇದು ಆಗೂದಲ್ಲ. ಎಲ್ಲಾರೂ ಇಲ್ಲೇ ಬರ್ರಿ."

ವಿಜಯಪುರ ನಮಗೆ ಮಿರಜಕ್ಕಿಂತ ಹತ್ತಿರ, ಅಲ್ಲಿ ಔಷಧದ ಅಂಗಡಿಯವನೂ ಕನ್ನಡದಲ್ಲೇ ಮಾತಾಡುತ್ತಾನೆ. ಅಲ್ಲಿಗೇಕೆ ಹೋಗಬಾರದೆಂದು ಬೀಗರೊಬ್ಬರು ಕೇಳಿದರು. ಕೇಳಿದ್ದು ಸರಿಯೇ. ಆದರೆ ರಾತ್ರಿ ಎರಡಕ್ಕೆ ಉಸಿರು ಕಟ್ಟಿದರೆ ಆಟೋ ತರಲು ಓಡುವ ಮಗ ಮಿರಜದಲ್ಲಿದ್ದಾನೆ. ಪಡಿತರ ಚೀಟಿ, ಪಿಂಚಣಿಯ ಖಾತೆ ಎಲ್ಲ ಈ ರಾಜ್ಯದವು. ಗಡಿಯ ಮನುಷ್ಯನಿಗೆ ನಾಲಗೆ ಒಂದು ಕಡೆಗೆ, ಕಾಗದಪತ್ರ ಒಂದು ಕಡೆಗೆ. ವಯಸ್ಸಾದಂತೆ ಕಾಗದಪತ್ರದ ಭಾರವೇ ಹೆಚ್ಚಾಗುತ್ತದೆ. ವಿಜಯಪುರದ ವಿಚಾರ ಅಲ್ಲಿಗೇ ನಿಂತಿತು.

ಮಿರಜ ನಮಗೆ ಅಪರಿಚಿತ ಊರೇನಲ್ಲ. ಕೆನಡಾದಿಂದ ಬಂದ ವಾನ್‌ಲೆಸ್ ಎಂಬ ವೈದ್ಯರು 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆ ತೆರೆದಂದಿನಿಂದ ಅದು ರೋಗಿಗಳ ಊರು. 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ನಮ್ಮ ಅಜ್ಜಿ 'ಮಿರಜಕ್ಕ ಹಾಕ್ಯಾರ' ಎಂದರೆ ಜಡ್ಡು ದೊಡ್ಡದೆಂದೇ ಅರ್ಥ. ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತರೆ ಅಥಣಿ, ಜಮಖಂಡಿ, ಇಂಡಿ, ಚಿಕ್ಕೋಡಿಯ ಕನ್ನಡಗಳೆಲ್ಲ ಕಿವಿಗೆ ಬೀಳುತ್ತವೆ. ಬೇನೆಯ ಹೊತ್ತಿಗೆ ಮನುಷ್ಯ ತಾಯ್ನುಡಿಗೆ ಮರಳುತ್ತಾನೆಂಬುದಕ್ಕೆ ಬೇರೆ ಪುರಾವೆ ಬೇಡ. ಇನ್ನು ಸಾಂಗಲಿಯೂ ಕನ್ನಡಕ್ಕೆ ಹೊರಗಿನದಲ್ಲ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳ ಸಾಂಗಲಿಯ ಪಟವರ್ಧನ ಮಹಾರಾಜರ ಮುಂದೆ ಆಟವಾಡಿತು. ಅದನ್ನು ಕಂಡ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆಯವರು ಮರುವರ್ಷ 'ಸೀತಾ ಸ್ವಯಂವರ' ಆಡಿಸಿದರು, ಮರಾಠಿ ರಂಗಭೂಮಿ ಅಲ್ಲಿಂದ ಹುಟ್ಟಿತೆಂದು ಮರಾಠಿಗರೇ ಹೇಳುತ್ತಾರೆ. ಅದೇ ಊರಿನ ವಿಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರು ಬಹುಕಾಲ ಕನ್ನಡ ಕಲಿಸಿದರು. ಅವರ 'ಕನ್ನಡ ಸಾಹಿತ್ಯ ಚರಿತ್ರೆ'ಗೆ 1956ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂತು. ಇದನ್ನೆಲ್ಲ ನಾವು ಮಗನಿಗೆ ಉತ್ಸಾಹದಿಂದ ಹೇಳುತ್ತಿದ್ದಾಗ ಅವನು ತಣ್ಣಗೆ, "ಅಪ್ಪಾ, ನಮ್ಮ ಮನಿ ಹಂತೇಕ ಕನ್ನಡ ಸಾಲಿ ಇಲ್ಲ, ಅದನ್ನ ಮೊದಲ ಹೇಳ್ರಿ" ಎಂದ.

ಬಾಡಿಗೆಯ ಮನೆ ನೋಡಲು ಒಂದು ರವಿವಾರ ಸಾಂಗಲಿಗೂ ಹೋದೆವು. ಸಾಂಗಲಿ, ಮಿರಜ, ಕುಪವಾಡಗಳು 1998ರಿಂದ ಒಂದೇ ಮಹಾನಗರಪಾಲಿಕೆ. ಆದರೂ ಬಾಡಿಗೆಯ ಲೆಕ್ಕ ಓಣಿಗೊಂದು. ಸಾಂಗಲಿಯ ಹಳೆಯ ಭಾಗದಲ್ಲಿ ಒಂದು ಮನೆ ಅಗ್ಗವಾಗಿ ಸಿಕ್ಕಿತು. ಗೋಡೆಯ ಮೇಲೆ ನಮ್ಮ ಎದೆಯ ಮಟ್ಟಕ್ಕೆ ಒಂದು ಮಾಸಲು ಗೆರೆಯಿತ್ತು. ಏನೆಂದು ಕೇಳಿದರೆ ಮಾಲಕರು 2019ರ ಮಹಾಪೂರದ ಗುರುತೆಂದರು. ಆ ಆಗಸ್ಟಿನಲ್ಲಿ 1929ರ ಅರ್ವಿನ್ ಸೇತುವೆಯ ಹತ್ತಿರ ಕೃಷ್ಣೆ 57 ಅಡಿ ದಾಟಿದ್ದಳು. ಅಪಾಯದ ಮಟ್ಟವೆಂದರೆ 45. 2005ರಲ್ಲಿ ಬಂದಿದ್ದಳು, 2021ರಲ್ಲಿಯೂ ಬಂದಳು. 2019ರ ಅದೇ ವಾರ ನಮ್ಮೂರಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲಿತ್ತು. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ಜನರನ್ನು ದೋಣಿಯಲ್ಲಿ ಒಯ್ಯುತ್ತಿದ್ದರು, ಇನ್ನೊಂದು ತುದಿಯಲ್ಲಿ ನೀರನ್ನು ಲಾರಿಯಲ್ಲಿ ತರುತ್ತಿದ್ದರು. ಆ ಮನೆಯನ್ನು ಬಿಟ್ಟು ಮಿರಜದಲ್ಲಿಯೇ ನೋಡುವುದೆಂದಾಯಿತು.

ಮಿರಜಕ್ಕೆ ಮರಳಿ ಸತಾರಮೇಕರರ ಗಲ್ಲಿಯಲ್ಲಿ ಹಾಯುವಾಗ ಅಂಗಡಿಗಳ ಮುಂದೆ ಒಣಗಿದ ದೊಡ್ಡ ಸೋರೆಬುರುಡೆಗಳನ್ನು ಸಾಲಾಗಿ ತೂಗಹಾಕಿದ್ದರು. ಶಸ್ತ್ರ ಮಸೆಯುತ್ತಿದ್ದ ಮನೆತನದವರು 19ನೆಯ ಶತಮಾನದಲ್ಲಿ ತಂಬೂರಿ ಸಿತಾರಗಳಿಗೆ ಕೈಹಾಕಿದ ಓಣಿಯದು. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಬುರುಡೆಗಳು ಪಂಢರಪುರದ ಕಡೆಯಿಂದ ಬರುತ್ತವೆ. "ನೋಡ್ರಿ ಅಪ್ಪಾ, ಅಲ್ಲೇ ಹೊಲದಾಗ ಇದ್ದಿದ್ರ ಕೊಳತ ಹೋಗ್ತಿತ್ತು, ಇಲ್ಲಿ ಬಂದು ಹಾಡಾಕತ್ತೈತಿ" ಎಂದ ಮಗ. ವಾದ ಜಾಣತನದ್ದೇ. ಆದರೆ ಬುರುಡೆಯನ್ನು ಹಾಡಿಸುವ ಮೊದಲು ಅದರ ಒಳಗಿನದನ್ನೆಲ್ಲ ಕೆರೆದು ತೆಗೆಯುತ್ತಾರೆಂಬುದನ್ನು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಊರಿಗೆ ಬಂದ ಮರುದಿನ ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬರೇ ಕುಳಿತು ಈ ಪ್ರಶ್ನೆಯನ್ನು ಶಿಸ್ತಿನಿಂದ ಬಿಡಿಸಬೇಕೆಂದು ಮನಸ್ಸು ಮಾಡಿದೆವು. ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು ನಮಗೆ ತರಬೇತಿಯಲ್ಲಿ ಕಲಿಸಿದ ಸೂತ್ರ. ಕರಿಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ 'ಹೋದರೆ' ಎಂದೂ ಬಲಕ್ಕೆ 'ಇದ್ದರೆ' ಎಂದೂ ಬರೆದೆವು. ಎಡಗಡೆ ಆಸ್ಪತ್ರೆ, ಮಗ ಮತ್ತು ಸೊಸೆ, ನಳದ ನೀರು, ರೈಲು. ಬಲಗಡೆ ಶಾಲೆ, ಸ್ವಂತ ಮನೆ, ನಾಲ್ಕು ಎಕರೆ ಹೊಲ, ಮಾತು, 'ಗುರುಗಳು' ಎಂದು ಕರೆಯುವವರು. ಇದೊಂದನ್ನು ಬರೆದು ಅಳಿಸಿ ಮತ್ತೆ ಬರೆದೆವು. ಮೊಮ್ಮಗನನ್ನು ಯಾವ ಕಡೆ ಬರೆಯಬೇಕೆಂದು ತಿಳಿಯಲಿಲ್ಲ. ಗೆರೆಯ ಮೇಲೆಯೇ 'ಮೊಮ್ಮಗ' ಎಂದು ಬರೆದು ನೋಡುತ್ತ ಕುಳಿತೆವು. ಅಷ್ಟರಲ್ಲಿ ಮನೆಯಿಂದ ಕರೆ ಬಂತು. ಅವರಿಗೆ ತಲೆಸುತ್ತು ಬಂದಿತ್ತು. ಬಾಗಿಲಿಗೆ ಕೀಲಿ ಹಾಕಿ ಓಡಿದೆವು. ಹಲಗೆ ಒರೆಸುವುದು ಮರೆತೇಹೋಯಿತು.

ಮರುದಿನ ನಾವು ಶಾಲೆಗೆ ತಡವಾಗಿ ಹೋದಾಗ ನಾಲ್ಕನೆಯತ್ತೆಯ ಹುಡುಗಿಯೊಬ್ಬಳು ಕೋಲು ಹಿಡಿದು ಹಲಗೆಯ ಮೇಲಿನ ಒಂದೊಂದು ಶಬ್ದವನ್ನೂ ಮುಟ್ಟಿ ಓದುತ್ತಿದ್ದಳು, ಉಳಿದವರು ಅವಳ ಹಿಂದೆ ರಾಗವಾಗಿ ಹೇಳುತ್ತಿದ್ದರು. "ಆಸ್ಪತ್ರೆ." "ಆಸ್ಪತ್ರೆ!" "ನಳದ ನೀರು." "ನಳದ ನೀರು!" ಒತ್ತಕ್ಷರವೂ ತಪ್ಪದ ಶುದ್ಧ ವಾಚನ. 'ಮೊಮ್ಮಗ' ಎಂಬಲ್ಲಿಗೆ ಬಂದಾಗ ಎಲ್ಲರೂ ತಿರುಗಿ ನಮ್ಮ ಹುಡುಗನನ್ನು ನೋಡಿದರು. ಅವನು ನಮ್ಮನ್ನು ನೋಡಿದ. ಮಕ್ಕಳಿಗೆ ಓದು ಕಲಿಸಿದುದಕ್ಕೆ ನಾವು ಮೊದಲ ಸಲ ಪಶ್ಚಾತ್ತಾಪಪಟ್ಟೆವು.

ಮಧ್ಯಾಹ್ನದ ಊಟಕ್ಕೆ ಮೊದಲೇ ಸುದ್ದಿ ಊರಾಯಿತು. ಸಂಜೆ ಕಟ್ಟೆಯ ಹಿರಿಯರು ಬಂದರು. ಯಾರೂ ಜಗಳವಾಡಲಿಲ್ಲ, ಅದೇ ಕಷ್ಟವಾಯಿತು. ಚಹಾ ಕುಡಿದು, ಮಳೆಯ ಮಾತಾಡಿ, ಏಳುವಾಗ ಒಬ್ಬರು ಚಪ್ಪಲಿ ಮೆಟ್ಟುತ್ತ, "ಗುರುಗಳ, ನಿಮ್ಮ ಮೊಮ್ಮಗನೂ ಹೊಂಟಾನಂತಲ್ಲ. ಹಂಗಾರ ನಮ್ಮ ಹುಡುಗರನೂ ಜತ್ತದ ಇಂಗ್ಲೀಷ ಸಾಲಿಗೆ ಹಾಕೂಣೇನ್ರಿ? ನೀವ ಹೇಳ್ರಿ, ನೀವು ಹೇಳಿಧಂಗ ಕೇಳ್ತೇವಿ" ಎಂದರು. ಆ ಮನೆಯಿಂದ ಇಬ್ಬರು ಮಕ್ಕಳು ಬರುತ್ತಾರೆ. 22ರಲ್ಲಿ ಮೂರು ಹೋದರೆ 19. ಈ ಲೆಕ್ಕ ಮಾಡಲು ಕರಿಹಲಗೆ ಬೇಕಾಗಲಿಲ್ಲ.

ಆ ರಾತ್ರಿ ನಮ್ಮ ಮನೆಯವರಿಗೆ, "ನೀವು ಹೆದರಬೇಡಿರಿ, ಹುಟ್ಟಿ ಬೆಳೆದ ಸೀಮೆಯನ್ನು ಬಿಡಿಸುವುದಿಲ್ಲ, ಹೇಗಾದರೂ ಮಾಡಿ ಇಲ್ಲಿಂದಲೇ ಹೋಗಿ ಬರೋಣ. ಬೇಕಾದರೆ ಮೋಟಾರು ಗೊತ್ತು ಮಾಡೋಣ" ಎಂದೆವು. ಅವರಿಗೆ ಸಮಾಧಾನವಾಗುವುದೆಂದು ನಮ್ಮ ನಿರೀಕ್ಷೆ. ಅವರು ಹಾಸಿಗೆಯಲ್ಲಿ ಎದ್ದು ಕುಳಿತರು.

"ನಾ ಇಲ್ಲೇ ಇರತೇನಂತ ಯಾವಾಗ ಹೇಳೇನ್ರಿ?" ಎಂದರು. "ಮೂವತ್ತ ವರ್ಷ ಕೊಡಾ ಹೊತ್ತೇನಿ. ಬ್ಯಾಸಗ್ಯಾಗ ನಸುಕಿನ್ಯಾಗ ಎದ್ದು ಹೋದ್ರ ಹೊತ್ತೇರಿದ ಮ್ಯಾಲ ಎರಡು ಕೊಡ ನೀರು. ನೀವು ಸಾಲ್ಯಾಗ ಹುಡುಗರ ಹಾಜರಿ ಬರದೀರಿ. ನನ್ನ ಕೊಡದ ಹಾಜರಿ ಯಾರ ಬರದಾರು? ಮಿರಜದಾಗ ಸೊಸಿ ನಳಾ ತಿರುವಿದ್ರ ನೀರು ಬರತೈತಿ. ಅದನ್ನ ನೋಡಕೋತ ಕುಂಡ್ರಬೇಕಂತ ನನಗ ಎಷ್ಟ ವರ್ಷದಿಂದ ಆಸೆ ಐತಿ. ಈಗ ಡಾಕ್ಟರ್ ನೋಡಿದ್ರ, ದಿನಕ್ಕ ಇಷ್ಟ ಲೋಟಾನ ಕುಡೀಬೇಕು, ಹೆಚ್ಚಿಗಿ ಕುಡೀಬ್ಯಾಡ್ರಿ ಅಂತಾರ."

ಹೇಳಿ ಅವರೇ ನಕ್ಕರು. ನಮಗೆ ನಗು ಬರಲಿಲ್ಲ. ಮ್ಹೈಸಾಳದಲ್ಲಿ ಕೃಷ್ಣೆಯ ನೀರೆತ್ತಿ ಬರಡು ತಾಲೂಕುಗಳಿಗೆ ಕೊಡುವ ಯೋಜನೆಯ ಬಗೆಗೆ, 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ 10 ಟ್ಯಾಂಕುಗಳಲ್ಲಿ ಸುಮಾರು 5 ಲಕ್ಷ ಲೀಟರು ನೀರು ಹೊತ್ತು ಹೋದ ಮೊದಲ ರೈಲಿನ ಬಗೆಗೆ, 2022ರ ಡಿಸೆಂಬರಿನಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ತಿಕ್ಕುಂಡಿಯ ಕಡೆಗೆ ಹರಿದು ಬಂದುದರ ಬಗೆಗೆ ನಾವು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇವೆ. ನಮ್ಮದೇ ಅಡಿಗೆಮನೆಗೆ ನೀರು ಹೇಗೆ ಬರುತ್ತಿತ್ತೆಂಬ ಪಾಠ ಬಾಕಿಯಿತ್ತು. 'ಹೋದರೆ' ಎಂಬುದರ ಕೆಳಗೆ ನಳದ ನೀರನ್ನು ನಾವು ಮೂರನೆಯದಾಗಿ ಬರೆದಿದ್ದೆವು. ಅವರು ಬರೆದಿದ್ದರೆ ಅದು ಯಾವ ಸಾಲಿನಲ್ಲಿರುತ್ತಿತ್ತೋ.

ಹೀಗೆ ಅವರ ಮಟ್ಟಿಗೆ ತೀರ್ಮಾನವಾಯಿತು. ಹುಡುಗನದು ಉಳಿಯಿತು. ಸೇವಾನಿವೃತ್ತಿಗೆ ನಮಗೆ ಇನ್ನೊಂದು ವರ್ಷವಿದೆ. ಬರುವ ಮೇ 31ರ ತನಕ ನಾವು ಊರು ಬಿಡುವಂತಿಲ್ಲ. ಅಜ್ಜಿ ಹೋದರೂ ಹುಡುಗ ನಮ್ಮೊಡನೆ ಇರಲಿ, ಇಬ್ಬರೂ ಕೂಡಿ ಅಡಿಗೆ ಮಾಡಿಕೊಳ್ಳೋಣ, ನಾಲ್ಕನೆಯತ್ತೆ ಮುಗಿಸಿಯೇ ಹೋಗಲಿ ಎಂದು ನಾವು ಯೋಚಿಸಿದೆವು. ಅವನ ಅಡಿಪಾಯಕ್ಕೂ ಹಿತ, ಶಾಲೆಯ ಹಾಜರಿಗೂ ಹಿತ. ಮಗನಿಗೆ ದೂರವಾಣಿಯಲ್ಲಿ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ಅವಳನ್ನೊಂದ ಮಾತು ಕೇಳಿ ಹೇಳ್ತೇನ್ರಿ" ಎಂದ. ಅವನಿಂದ ಉತ್ತರ ಬರಲಿಲ್ಲ.

ಯುಗಾದಿಯಾಗಿ ಎರಡು ದಿನಕ್ಕೆ ಕಬ್ಬಿನ ಹಂಗಾಮು ಮುಗಿಸಿ ಬಂದ ತಾಯಿಯೊಬ್ಬಳು ಶಾಲೆಗೆ ಬಂದಳು. ನಾಲ್ಕು ವರ್ಷದಿಂದ ನಮ್ಮ ಮಾತು ಕೇಳಿ ಮಗನನ್ನು ಅತ್ತೆಯ ಹತ್ತಿರ ಬಿಟ್ಟು ಹೋಗುವವಳು. ಕೈಗಳಲ್ಲಿ ಕಬ್ಬಿನ ರವದಿ ಕೊಯ್ದ ಗೆರೆಗಳು ಇನ್ನೂ ಮಾಯ್ದಿರಲಿಲ್ಲ. ಒಳಗೆ ಬಾ ಎಂದರೂ ಬಾರದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳೂ ಮಗನ ಹೆಸರು ತೆಗೆಸಲು ಬಂದಳೆಂದೇ ನಾವು ತಿಳಿದೆವು.

"ಗುರುಗಳ, ಒಂದ ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ" ಎಂದಳು. "ನೀವು ಬಿಟ್ಟ ಹೋಗು ಅಂದ್ರಿ, ಬಿಟ್ಟ ಹೋದ್ನಿ. ನನ್ನ ಮಗಾ ಓದು ಬರಹ ಕಲತಾನ, ನಿಮ್ಮ ಉಪಕಾರ ಮರೆಯೂದಿಲ್ಲ. ಆದ್ರ ಮದಲ ವರ್ಷ ನಾ ತಿರುಗಿ ಬಂದಾಗ ಅಂವಾ ನನ್ನ ಹತ್ರ ಬರಲಿಲ್ರಿ. ಅತ್ತಿ ಸೆರಗಿನ್ಯಾಗ ನಿಂತು ನೋಡಿದ. ಎಂಟ ದಿನ ಬೇಕಾತು. ನನಗ ಹೊಟ್ಟಿ ಸಲುವಾಗಿ ಬಿಡೂದಾತು. ನಿಮ್ಮ ಮೊಮ್ಮಗಾ ಮೂರ ವರ್ಷ ಆತು ಅವ್ವನ್ನ ಬಿಟ್ಟು. ದಿನಾ ಸಂಜೀಕ ಬಸ್ ಬರೂ ಹೊತ್ತಿಗೆ ನಮ್ಮ ಹುಡುಗನ ಕರಕೊಂಡು ಸ್ಟ್ಯಾಂಡಿನ ತನಕ ಹೋಗ್ತಾನಂತ, ನಿಮಗ ಗೊತ್ತೈತೇನ್ರಿ? ಕಳಸ್ರಿ ಗುರುಗಳ. ನನ್ನ ಮಗಾ ಎಲ್ಲೂ ಹೋಗೂದಿಲ್ಲ, ಇದ ಸಾಲ್ಯಾಗ ಇರತಾನ."

ನಮಗೆ ಗೊತ್ತಿರಲಿಲ್ಲ. ಸಂಜೆ ಬಸ್ಸಿನ ಹೊತ್ತು ಎಂದರೆ ನಾವು ಸಹೋದ್ಯೋಗಿಗೆ ಅಕ್ಷರ ಕಲಿಸುತ್ತಿದ್ದ ಹೊತ್ತು. ಹುಡುಗ ಆಡಲು ಹೋಗಿದ್ದಾನೆಂದು ತಿಳಿದಿದ್ದೆವು. ಅಂದು ಸಂಜೆ ಅವನಿಗೆ ತಿಳಿಯದಂತೆ ಗ್ರಾಮ ಪಂಚಾಯತಿಯ ಮೂಲೆಗೆ ಹೋಗಿ ನಿಂತೆವು. ಜತ್ತದ ಬಸ್ಸು ಬಂತು. ಹುಡುಗರಿಬ್ಬರೂ ಬೇವಿನ ಗಿಡದ ಕೆಳಗಿದ್ದರು. ಇಳಿಯುವವರು ಇಳಿದರು, ಬಸ್ಸು ತಿರುಗಿ ಹೋಯಿತು. ಅವನು ಅಳಲಿಲ್ಲ, ಏನೂ ಮಾಡಲಿಲ್ಲ. ಗೆಳೆಯನ ಹೆಗಲ ಮೇಲೆ ಕೈ ಹಾಕಿಕೊಂಡು ಮನೆಯ ಕಡೆಗೆ ನಡೆದ. ನಿತ್ಯದ ಕೆಲಸವೊಂದನ್ನು ಮುಗಿಸಿದ ಹಾಗಿತ್ತು. ಅವನನ್ನು ಮೂರು ವರ್ಷ 22ರಲ್ಲಿ ಒಬ್ಬನೆಂದು ಎಣಿಸಿದ ನಮ್ಮ ಕಣ್ಣಿಗೆ ಇದೊಂದು ಬಿದ್ದಿರಲಿಲ್ಲ. ಸೊಸೆ ಅಂದು ಏನೂ ಅನ್ನಲಿಲ್ಲವೆಂದು ಮೇಲೆ ಬರೆದಿದ್ದೇವೆ. ಅನ್ನಲಿಲ್ಲವೋ, ಅನ್ನಲು ನಾವು ಅವಕಾಶ ಕೊಡಲಿಲ್ಲವೋ ಎಂಬುದನ್ನು ಈಗ ಖಚಿತವಾಗಿ ಹೇಳಲಾರೆವು.

ಅಂದೇ ರಾತ್ರಿ ಮಗನಿಗೆ ದೂರವಾಣಿ ಮಾಡಿದೆವು. ಮಿರಜದಲ್ಲಿ ರೈಲು ನಿಲ್ದಾಣದ ಕಡೆಗೆ, ಪೂರದ ಭಯವಿಲ್ಲದ ಎತ್ತರದಲ್ಲಿ, ಎರಡು ಕೋಣೆಯ ಮನೆ ಗೊತ್ತಾಯಿತು. ಹೊಲವನ್ನು ಪಾಲಿಗೆ ಕೊಟ್ಟಿದ್ದೇವೆ. ಮನೆಯನ್ನು ಮಾರುವುದಿಲ್ಲ. ನಿವೃತ್ತಿಯ ತನಕ ನಾವು ಇಲ್ಲಿ, ಶನಿವಾರ ಶಾಲೆ ಬಿಟ್ಟೊಡನೆ ಮಿರಜಕ್ಕೆ, ಆಮೇಲಿನದು ಆಮೇಲೆ. ಗುಡ್ಡಾಪುರದ ದಾನಮ್ಮನಿಗೆ ಹೋಗಿ ಬರಬೇಕೆಂದು ಮನೆಯವರು ಹಟ ಹಿಡಿದರು, ಹೋಗಿ ಬಂದೆವು. ಚಪ್ಪಲಿ ಮೆಟ್ಟುತ್ತ ಪ್ರಶ್ನೆ ಕೇಳಿದ ಹಿರಿಯರ ಮನೆಗೂ ಹೋದೆವು. "ನಮ್ಮ ಹುಡುಗ ಅವ್ವನ ಹತ್ತಿರ ಹೋಗುತ್ತಾನೆ. ನಿಮ್ಮ ಮಕ್ಕಳ ಅವ್ವ ಇಲ್ಲಿಯೇ ಇದ್ದಾಳೆ" ಎಂದೆವು. ಅವರು ಯೋಚಿಸಿ ಹೇಳುತ್ತೇನೆಂದರು. ಜೂನಿನಲ್ಲಿ ಶಾಲೆ ತೆರೆದಾಗ ತಿಳಿಯುತ್ತದೆ. ಒಂದನೆಯತ್ತೆಗೆ ನಾಲ್ಕು ಹೆಸರು ಬಂದಿವೆ. ನಾಲ್ಕನೆಯತ್ತೆ ಮುಗಿಸಿ ಹೋಗುವವರು ಆರು. ವಾಚಕರು ತಾವೇ ಲೆಕ್ಕ ಹಾಕಬಹುದು.

ಪರೀಕ್ಷೆಗಳು ಮುಗಿದ ಮೇಲೆ ದಾಖಲೆಯ ಪುಸ್ತಕ ತೆಗೆದೆವು. ಹೆಸರು ಬರೆದೆವು, ತಾಯಿಯ ಹೆಸರು ಬರೆದೆವು, ಪ್ರಗತಿ 'ಉತ್ತಮ' ಎಂದೆವು. ಕೊನೆಯ ಕಲಮಿಗೆ ಬಂದು ನಿಂತೆವು. 'ಪಾಲಕರ ಸ್ಥಳಾಂತರ' ಎಂದು ಬರೆಯೋಣವೆಂದರೆ ಅವನ ಪಾಲಕರು ಎಲ್ಲಿಂದಲೂ ಎಲ್ಲಿಗೂ ಹೋಗಿರಲಿಲ್ಲ, ಇದ್ದಲ್ಲಿಯೇ ಇದ್ದರು. ಹುಡುಗನನ್ನು ಸ್ಥಳಾಂತರ ಮಾಡಿದವರು ನಾವು. ಮಧ್ಯಾಹ್ನದವರೆಗೆ ಕುಳಿತು, ಇಲಾಖೆಯ ಪದ್ಧತಿಗೆ ಹೊಂದುವುದೋ ಇಲ್ಲವೋ ಎಂದು ನೋಡದೆ 'ತಾಯಿಯ ಹತ್ತಿರ ಹೋಗುವುದಕ್ಕಾಗಿ' ಎಂದು ಬರೆದು ಸಹಿ ಮಾಡಿ, ತಾಳೆ ನೋಡಲು ಸಹೋದ್ಯೋಗಿಯ ಕಡೆಗೆ ಪುಸ್ತಕ ಸರಿಸಿದೆವು. ಅವರು ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಓದಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ಸರ್," ಎಂದರು ಸಂಕೋಚದಿಂದ, "ಹತ್ತಿರದಲ್ಲಿ ತ-ಕಾರದ ಒತ್ತು ಬಿಟ್ಟಿದೆ."

ನೋಡಿದರೆ ನಿಜವಾಗಿಯೂ ಬಿಟ್ಟಿತ್ತು. ಪುಸ್ತಕವನ್ನು ತಿರುಗಿ ಎಳೆದುಕೊಂಡು ಒತ್ತು ಕೊಟ್ಟೆವು.